ಒಂಬತ್ತು ಪಂದ್ಯದ ಕಟಿಂಗ್

ಊರಿನ ಹಾಕಿ ತಂಡದ ಹುಲಿ ಎನಿಸಿಕೊಂಡ ಫಾರ್ವರ್ಡ್ ಆಟಗಾರ ಒಂಬತ್ತು ವಾರಗಳಲ್ಲಿ ಒಂಬತ್ತು ಪಂದ್ಯ ಆಡಿ ಒಂದೂ ಗೋಲು ಹೊಡೆದಿರಲಿಲ್ಲ. ಕಾರಣ ಹುಡುಕಿದವರು ಕೋಚನ್ನು ಬಿಟ್ಟರು, ಬೂಟನ್ನು ಬಿಟ್ಟರು, ನೆಟ್ಟಗೆ ಬಂದು ಊರಿನ ಕ್ಷೌರಿಕನ ಕೊರಳಪಟ್ಟಿ ಹಿಡಿದರು. ಗೋಲು ನಿಂತುಹೋದ ಹಿಂದಿನ ದಿನವೇ ಹುಲಿ ಇವನ ಕುರ್ಚಿಯಲ್ಲಿ ಕೂತು ಕೂದಲು ಕತ್ತರಿಸಿಕೊಂಡಿತ್ತಂತೆ. ಅಷ್ಟು ಸಾಕಾಯಿತು. ಗಿರಾಕಿಗಳು ಅಂಗಡಿಯ ಮುಂದೆ ತಲೆ ತಗ್ಗಿಸಿ ದಾಟತೊಡಗಿದರು. ಸ್ವಂತ ಷಡ್ಡಕನೇ ಬೇರೆ ಕಡೆ ಗಡ್ಡ ಹೆರೆಸಿಕೊಂಡು ಬಂದಾಗ ಕ್ಷೌರಿಕನಿಗೆ ಅಳುವೇ ಬಂತು. ಇಂದಿನ ಹತ್ತನೇ ಪಂದ್ಯದಲ್ಲೂ ಗೋಲಾಗದಿದ್ದರೆ ಅಂಗಡಿಗೆ ಬೀಗ ಹಾಕಬೇಕಾದೀತು ಎಂದು ಹೆಂಡತಿ ಬೆಳಗ್ಗೆಯೇ ಎಚ್ಚರಿಸಿದ್ದಳು.

ಏಳು ಗಂಟೆಗೆ ಹುಲಿಯೇ ಬಂದು ಕುರ್ಚಿಯಲ್ಲಿ ಕುಸಿಯಿತು. ಹೆದರಿಕೆಯಿಂದ ಅಂದಿನಿಂದ ತಲೆಗೆ ಕತ್ತರಿಯನ್ನೇ ಸೋಕಿಸಿರಲಿಲ್ಲ. ಕೂದಲು ಹುಬ್ಬು ದಾಟಿ ಕಣ್ಣಿಗೆ ಇಳಿದಿತ್ತು.

"ಅಣ್ಣಾ, ನೀನು ಕೆಡಿಸಿದ್ದನ್ನ ನೀನೇ ಸರಿಮಾಡು. ಇವತ್ತೂ ಹೊಡೀಲಿಲ್ಲ ಅಂದ್ರೆ ನನ್ನನ್ನ ಟೀಮಿಂದ ತೆಗೀತಾರೆ."

ಸುದ್ದಿ ಹಬ್ಬಿ ಬಾಗಿಲಲ್ಲಿ ಜನ ನೆರೆದರು. ಎಡಗಡೆ ಜಾಸ್ತಿಯಾಯಿತು ಎಂದ ಸೈಕಲ್ ರಿಪೇರಿಯವನು. ಕ್ಷೌರಿಕ ಎಡಗಡೆ ಕತ್ತರಿಸಿದ. ಈಗ ಬಲಗಡೆ ಭಾರವಾಯಿತು, ಓಡುವಾಗ ವಾಲುತ್ತಾನೆ ಎಂದರು ನಿವೃತ್ತ ಲೆಕ್ಕದ ಮೇಷ್ಟ್ರು. ಬಲಗಡೆಯೂ ಹೋಯಿತು. ಬೆಕ್ಕುಗಳ ಜಗಳದಲ್ಲಿ ಕೋತಿ ಬೆಣ್ಣೆ ತೂಗಿದ ಹಾಗೆ, ಎಡ ಬಲ ಸರಿದೂಗಿಸುತ್ತ ಹೋಗಿ ಕೊನೆಗೆ ನೆತ್ತಿಯ ಮೇಲೆ ಒಂದು ಜುಟ್ಟು ಮಾತ್ರ ಉಳಿಯಿತು. ಕ್ಷೌರಿಕ ಅದನ್ನೂ ಬೋಳಿಸಿಬಿಟ್ಟ. ಹುಲಿ ಕನ್ನಡಿ ನೋಡಿ, ಬೋಳುತಲೆ ಸವರಿಕೊಂಡು ಎದ್ದುಹೋಯಿತು.

ಹತ್ತು ಗಂಟೆಗೆ ಪಂದ್ಯ. ಕ್ಷೌರಿಕ ಮೈದಾನದ ನೀರಿನ ಟ್ಯಾಂಕಿನ ಹಿಂದೆ ಅಡಗಿ ನಿಂತ, ಆದರೆ ಅದು ಎಲ್ಲರಿಗೂ ಗೊತ್ತಿತ್ತು. ಮೊದಲರ್ಧದಲ್ಲಿ ಒಂದು ಹೊಡೆತ ಕಂಬಕ್ಕೆ ಬಡಿದಾಗ ಇಡೀ ಜನಸ್ತೋಮ ಟ್ಯಾಂಕಿನತ್ತಲೇ ತಿರುಗಿತು. ಅವನು ಟ್ಯಾಂಕಿಗೆ ಇನ್ನಷ್ಟು ಅಂಟಿಕೊಂಡ. ಆಮೇಲೆ ಗೋಲ್‌ಕೀಪರನ ಪ್ಯಾಡಿಗೆ ತಾಗಿ ಚೆಂಡು ಮರಳಿ ಬಂತು, ಹುಲಿ ಬೀಸಿ ಬಾರಿಸಿತು, ಗೋಲಿನ ಹಲಗೆ ಢಣ್ ಎಂದಿತು. ಗೋಲು! ಐದೇ ನಿಮಿಷಕ್ಕೆ ಇನ್ನೊಂದು, ಮುಗಿಯುವ ಮೊದಲು ಮತ್ತೊಂದು. ಕ್ಷೌರಿಕ ಕುಣಿಯುತ್ತ ಮೈದಾನಕ್ಕೆ ನುಗ್ಗಿ ಹುಲಿಯನ್ನು ಅಪ್ಪಿಕೊಂಡ.

"ಅಣ್ಣಾ, ಎಷ್ಟೋ ವಾರದ ಮೇಲೆ ಇವತ್ತೇ ಚೆಂಡು ನೆಟ್ಟಗೆ ಕಂಡಿದ್ದು," ಎಂದಿತು ಹುಲಿ. ಆ ಗದ್ದಲದಲ್ಲಿ ಅದನ್ನು ಯಾರು ಕೇಳಿಸಿಕೊಳ್ಳಬೇಕು? ಎಲ್ಲರ ಕಣ್ಣೂ ಫಳಫಳ ಹೊಳೆಯುವ ಆ ಬೋಳುತಲೆಯ ಮೇಲೇ ಇತ್ತು. ತಮಗೂ ಹಾಗೇ ಬೋಳಿಸು ಎಂದು ಜನ ಕ್ಷೌರಿಕನನ್ನು ಹೊತ್ತುಕೊಂಡೇ ಅಂಗಡಿಗೆ ತಂದರು. ಸಂತೋಷದಲ್ಲಿ ಮೈಮರೆತ ಅವನು, ಇವತ್ತು ಎಲ್ಲರಿಗೂ ಬಿಟ್ಟಿ ಎಂದು ಸಾರಿಬಿಟ್ಟ.

ಸಾಲು ಬೀದಿಯ ತಿರುವು ದಾಟಿತು. ಮೇಷ್ಟ್ರು ಬಂದರು, ಸೈಕಲ್ ರಿಪೇರಿಯವನು ಬಂದ, ಷಡ್ಡಕ ಮೂವರು ಮಕ್ಕಳನ್ನೂ ಕರೆತಂದ. ಹೋದ ಮಾನ ಮರಳಿ ಬಂತೆಂದು ಕ್ಷೌರಿಕ ಊಟವನ್ನೂ ಮರೆತು ಬೋಳಿಸಿದ. ಸಂಜೆ ಕೊನೆಯ ಗಿರಾಕಿ ಎದ್ದಾಗ ಅವನ ಬೆರಳು ಮಡಚಲು ಬರುತ್ತಿರಲಿಲ್ಲ.

ಹೆಂಡತಿ ಪೊರಕೆ ಹಿಡಿದು ಬಾಗಿಲಲ್ಲಿ ನಿಂತು ನೋಡಿದಳು.

"ನೋಡು, ಇಡೀ ಊರೇ ವಾಪಸ್ ಬಂತು," ಎಂದ ಅವನು.

"ಬಂತು. ನಾಳೆ ಯಾರು ಬರ್ತಾರೆ?"

ಕ್ಷೌರಿಕ ಬಗ್ಗಿ ತನ್ನ ಕಾಲಬುಡ ನೋಡಿದ. ಊರಿನ ಮುಂದಿನ ಮೂರು ತಿಂಗಳ ಕೂದಲೆಲ್ಲ ಅವನ ಮೊಣಕಾಲಿನವರೆಗೆ ರಾಶಿ ಬಿದ್ದಿತ್ತು.