ಟಿವಿ ಮಳೆ ಅಂದ ದಿನ

ಬೆಡ್‌ಶೀಟೊಂದನ್ನು ಯಂತ್ರದಲ್ಲಿ ಒಣಗಿಸಿದರೆ ಹತ್ತು ರೂಪಾಯಿ. ತಾರಸಿಯ ಹಗ್ಗಕ್ಕೆ ಹಾಕಿದರೆ ಬಿಟ್ಟಿ. ಅಂದು ಒಗೆದಿಟ್ಟಿದ್ದು ನಲವತ್ತು. ನಾಲ್ಕು ಗಂಟೆಯೊಳಗೆ ತಲುಪದಿದ್ದರೆ ಇನ್ನು ಮುಂದೆ ಒಂದೂ ಕೊಡುವುದಿಲ್ಲ ಎಂದು ಲಾಡ್ಜಿನ ಮ್ಯಾನೇಜರು ಖಡಾಖಂಡಿತವಾಗಿ ಹೇಳಿದ್ದ.

ಲಾಂಡ್ರಿಯವನು ಬೆಳಿಗ್ಗೆಯೇ ಅಂಗಡಿಯ ಟಿವಿ ಹಾಕಿದ. ಅದು ಹ್ಯಾಂಗರುಗಳ ನಡುವೆ ಸಿಕ್ಕಿಕೊಂಡಿತ್ತು. ಯಾರದೋ ಕೋಟಿನ ತೋಳು ಪರದೆಯ ಒಂದು ಮೂಲೆಯನ್ನು ಮುಚ್ಚಿತ್ತು.

"ಇಂದು ಭಾರಿ ಮಳೆ," ಎಂದಳು ವಾರ್ತೆಯ ಹೆಂಗಸು.

"ಬಿಸಿಲು ಗ್ಯಾರಂಟಿ ಕಣೇ!" ಎಂದು ಹೆಂಡತಿಗೆ ಕೂಗಿ, ಬುಟ್ಟಿ ಹೊತ್ತು ತಾರಸಿ ಹತ್ತಿದ.

ಟಿವಿ ಹೇಳಿದ್ದನ್ನು ತಿರುಗಿಸಿಕೊಂಡರೆ ನಿಜ ಸಿಗುತ್ತದೆ ಎಂಬುದು ಅವನ ಹತ್ತು ವರ್ಷದ ಸಿದ್ಧಾಂತ. ನಿನ್ನೆಯೂ ಮಳೆ ಎಂದಿತ್ತು, ಸುಡುಬಿಸಿಲಿತ್ತು. ಹಾಗಾಗಿ ಬೀದಿಯವರು ಹವಾಮಾನ ಕೇಳುತ್ತಿದ್ದುದು ಅವನನ್ನೇ.

"ಲಾಂಡ್ರಿ ಅಣ್ಣ, ಇವತ್ತು ಹೆಂಗೆ?" ಕೆಳಗಿನಿಂದ ಟೈಲರ್ ಕೇಳಿದ.

"ಟಿವಿ ಮಳೆ ಅಂತು."

"ಹಂಗಾದ್ರೆ ನಮ್ಮ ಹತ್ತಿ ಹಾಸಿಗೆಗೂ ಒಂಚೂರು ಜಾಗ ಬಿಡಣ್ಣ."

ಹಾಸಿಗೆಯ ಹಿಂದೆಯೇ ನಿವೃತ್ತ ಮೇಷ್ಟ್ರು ಬೂಷ್ಟು ಹಿಡಿದ ಪುಸ್ತಕಗಳನ್ನು ಹೊತ್ತು ಬಂದರು.

ಹನ್ನೊಂದಕ್ಕೆ ಆಕಾಶ ಎಮ್ಮೆಯ ಬೆನ್ನಿನಂತೆ ಕಪ್ಪಾಯಿತು.

"ಅಣ್ಣ, ಮೋಡ..." ಟೈಲರ್ ರಾಗ ಎಳೆದ.

"ಬರೀ ಬೆದರಿಕೆ. ಟಿವಿ ಮಾತು ಯಾವತ್ತಾದ್ರೂ ನಿಜ ಆಗಿದ್ಯಾ?"

"ನನ್ನ ಬೋಳುತಲೆ ಮೇಲೆ ಹನಿ ಬಿತ್ತಲ್ಲಪ್ಪ," ಎಂದರು ಮೇಷ್ಟ್ರು.

"ಯಾರದೋ ಟ್ಯಾಂಕು ತುಂಬಿ ಚೆಲ್ತಿರ್ಬೇಕು, ಮೇಷ್ಟ್ರೇ."

ಆ ಟ್ಯಾಂಕು ಒಂದು ಗಂಟೆ ಚೆಲ್ಲಿತು. ಮೂವರೂ ಎಳೆದಾಡುವಷ್ಟರಲ್ಲಿ ಹಗ್ಗ ಕಿತ್ತುಬಂದು, ನಲವತ್ತೂ ಬೆಡ್‌ಶೀಟು ಪುಸ್ತಕಗಳ ಮೇಲೆ ಬಿದ್ದವು. ಕೆಂಪು ರಟ್ಟುಗಳು ತಮ್ಮ ಬಣ್ಣವನ್ನೆಲ್ಲ ಅವಕ್ಕೆ ದಾನ ಮಾಡಿದವು. ಹಾಸಿಗೆ ನೀರು ಕುಡಿದು ಆನೆಮರಿಯಂತೆ ಉಬ್ಬಿತು.

"ನಿನ್ನ ಮಾತು ಕೇಳಿ ಕೆಟ್ವಿ! ನಿನಗಿಂತ ಆ ಟಿವಿನೇ ವಾಸಿ!" ಟೈಲರ್ ಅರಚಿದ.

ಹತ್ತು ವರ್ಷ ನೆಟ್ಟಗೆ ಸುಳ್ಳು ಹೇಳಿ, ಇವತ್ತು ನಿಜ ಹೇಳಿ ಮೋಸ ಮಾಡಿದ ಟಿವಿಯ ಮೇಲೆ ಲಾಂಡ್ರಿಯವನಿಗೆ ರೋಷ ಉಕ್ಕಿತು. ದಡದಡ ಇಳಿದು ಬಂದರೆ, ಅದೇ ಹೆಂಗಸು ಮತ್ತೆ ಅದೇ ಮಳೆ ಹೇಳುತ್ತಿದ್ದಳು. ಹೊಡೆಯಲು ಕೈ ಎತ್ತಿದ.

"ರೀ, ಒದ್ದೆ ಕೈ! ಗಿರಾಕಿ ಕೋಟು!" ಎಂದು ಹೆಂಡತಿ ಕೋಟನ್ನು ಪಕ್ಕಕ್ಕೆಳೆದಳು. ಪರದೆಯ ಮೂಲೆಯಲ್ಲಿ ಬರೆದಿತ್ತು: 'ನಿನ್ನೆಯ ವಾರ್ತೆ, ಮರುಪ್ರಸಾರ.'

ಅಷ್ಟರಲ್ಲಿ ಹೊಸ ವಾರ್ತೆ ಶುರುವಾಯಿತು. "ಇಂದು ದಿನವಿಡೀ ಒಳ್ಳೆಯ ಬಿಸಿಲು," ಎಂದಳು ವಾರ್ತೆಯ ಹೆಂಗಸು, ನಗುನಗುತ್ತ.

ಸಿದ್ಧಾಂತ ಉಳಿಯಿತು. ಲಾಡ್ಜಿನ ಕೆಲಸ ಹೋಯಿತು.