ಮಡಚುವ ಫೋನಿನ ಪರೀಕ್ಷೆ

"ಇವತ್ತಿನಿಂದ ಈ ಮನೆಯ ಯಜಮಾನ ಸ್ವತಂತ್ರ!" ಎಂದು ಬಳ್ಳಾರಿ ಗಾಂಧಿನಗರದ ನಮ್ಮ ಮನೆಯ ಪಡಸಾಲೆಯಲ್ಲಿ ನಿಂತು ಘೋಷಿಸಿದೆ. ದೊಡ್ಡ ಫೋನನ್ನು ಸ್ವಿಚ್ ಆಫ್ ಮಾಡಿ ಬೀರುವಿನಲ್ಲಿಟ್ಟು ಬೀಗ ಜಡಿದಿದ್ದೆ. ಕೈಯಲ್ಲಿ ಹೊಸದಾಗಿ ಕೊಂಡ ಮಡಚುವ ಫೋನಿತ್ತು. ವಿಡಿಯೋ ಇಲ್ಲ, ವಾಟ್ಸಾಪ್ ಇಲ್ಲ, ಬೆಳಗಾದರೆ ಬಂದು ಬೀಳುವ ಗುಡ್ ಮಾರ್ನಿಂಗ್ ಹೂಗಳಿಲ್ಲ. ಕರೆ ಬಂದರೆ ಮಾತು, ಬಾರದಿದ್ದರೆ ಮೌನ. ಮನುಷ್ಯನಿಗೆ ಇಷ್ಟು ಸಾಕೋ ಸಾಲದೋ ಎಂದು ಸ್ವತಃ ಬಳಸಿ ನೋಡಿ, ಲೋಕಕ್ಕೆ ತೀರ್ಪು ಕೊಡುವವನಿದ್ದೆ!

"ಸಂಸಾರ ಬಿಟ್ಟು ಹೊಂಟೋರ ಹಂಗ ಮಾತಾಡಾಕತ್ತೀರಿ," ಎಂದಳು ನನ್ನ ಹೆಂಡತಿ ಅಕ್ಷತಾ. "ಬಿಟ್ಟಿದ್ದು ಫೋನ್ ಅಷ್ಟ ಹೌದಿಲ್ಲೋ?"

ಫೋನು ಒಂದೊಂದೇ ವಿಷಯದಲ್ಲಿ ಪಾಸಾಗುತ್ತ ಬಂತು. ಗುಂಡಿಗಳು ಕನ್ನಡಕವಿಲ್ಲದೆ ಕಂಡವು. ನಾನು ಕೆಲಸ ಮಾಡುವ ಜೀನ್ಸ್ ಹೊಲಿಗೆ ಘಟಕದಲ್ಲಿ ಮಷಿನ್ನುಗಳ ಗದ್ದಲವನ್ನೂ ಸೀಳಿಕೊಂಡು ಅದರ ರಿಂಗು ಕೇಳಿಸಿತು. ಚಾರ್ಜು ಮುಗಿಯುವುದನ್ನೇ ಮರೆತಿತ್ತು. ಆದರೆ ನನ್ನ ಮನಸ್ಸು ಗೆದ್ದದ್ದು ಅದರ ಮುಚ್ಚಳ. ಒಂದೇ ಕೈಯಲ್ಲಿ ಟಪ್ ಎಂದು ಮಡಚಿದರೆ ಕರೆ ಕಟ್! ಏನು ಗತ್ತು, ಏನು ಠೀವಿ! ಬರಬರುತ್ತ ಎದುರಿನವರ ಮಾತು ಮುಗಿಯುವ ಮೊದಲೇ ಮಡಚತೊಡಗಿದೆ.

"ನಾ ಕೊತ್ತಂಬ್ರಿ ಅನ್ನೂದ್ರಾಗ ಕಟ್ ಮಾಡಿದ್ರಿ. ಕರಿಬೇವು, ಹಸಿಮೆಣಸಿನಕಾಯಿ ಯಾರಿಗೆ ಹೇಳಲಿ, ಆ ಮುಚ್ಚಳಕ್ಕ?" ಎಂದು ಅಕ್ಷತಾ ಸಿಡುಕಿದಳು.

"ಮುಖ್ಯ ಮಾತು ಮೊದಲ್ನೇದರಾಗ ಇರತೈತಿ. ಉಳಿದದ್ದೆಲ್ಲ ಒಗ್ಗರಣಿ!" ಎಂದೆ.

ಮಾರನೆಯ ರವಿವಾರ ಬೆಳಿಗ್ಗೆ ಸಿರುಗುಪ್ಪದಿಂದ ಅಮರೇಶನ ಫೋನು ಬಂತು. ಅಮರೇಶ ನಮ್ಮ ಉಜ್ಜಿನಪ್ಪ ಕಾಕಾನ ಮಗ. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ನನ್ನನ್ನು ಮನೆಯಲ್ಲಿಟ್ಟುಕೊಂಡು ಹೈಸ್ಕೂಲು ಓದಿಸಿದವರು ಆ ಕಾಕಾ.

"ಅಣ್ಣಾ, ಅಪ್ಪ ಹೋದ…"

ಕೈ ತನ್ನ ರೂಢಿಯ ಕೆಲಸ ತಾನೇ ಮಾಡಿತು. ಟಪ್!

ತಿರುಗಿ ಹಚ್ಚಿದರೆ ಅವನ ಲೈನು ಬ್ಯುಸಿ. ಪಾಪ, ಅವನೂ ನನಗೇ ಹಚ್ಚುತ್ತಿದ್ದನಂತೆ! ನಾನು ಅಲ್ಲೇ ಕುಸಿದು ಅತ್ತೆ. ಅಕ್ಷತಾ ನೀರು ಕೊಟ್ಟು, "ಇನ್ನೊಮ್ಮೆ ಹಚ್ಚಿ ಸರಿಯಾಗಿ ಕೇಳ್ರಿ," ಎಂದಳು.

"ಅಪ್ಪನ್ನ ಕಳಕೊಂಡವನಿಗೆ ಇನ್ನೊಮ್ಮೆ ಹೇಳಪಾ ಅನ್ನಲ್ಯಾ? ನಿನಗ ಕರುಳು ಐತೇನು?"

ನಾನು ಕುರುಗೋಡಿನಲ್ಲಿದ್ದ ಕಾಕಾನ ತಂಗಿ ವೀರಭದ್ರಮ್ಮ ಅತ್ತೆಗೆ ಸುದ್ದಿ ಮುಟ್ಟಿಸಿದೆ. ಸತ್ಯನಾರಾಯಣಪೇಟೆಯ ಬೀಗರಿಗೆ ಮುಟ್ಟಿಸಿದೆ. ಗುಂಡಿ ಒತ್ತುವುದು, ಅಳುವುದು, ಮಡಚುವುದು! ಒಂದು ಸಾವಿನ ಸುದ್ದಿಯನ್ನು ಇಷ್ಟು ಚುರುಕಾಗಿ ಹಂಚಿದ ಫೋನು ಬಳ್ಳಾರಿ ಜಿಲ್ಲೆಯಲ್ಲಿ ಇನ್ನೊಂದಿರಲಾರದು. ನಡುವೆ ಅಮರೇಶನ ಕರೆಗೆ ಜಾಗವೆಲ್ಲಿ?

ದೊಡ್ಡದೊಂದು ಗುಲಾಬಿ ಹಾರ ಕೊಂಡು ಬಸ್ಸು ಹತ್ತಿದೆವು. ಗಡಿಬಿಡಿಯಲ್ಲಿ ಅಕ್ಷತಾಳ ಫೋನು ಮನೆಯಲ್ಲೇ ಚಾರ್ಜಿಗೆ ಉಳಿಯಿತು. ಪಕ್ಕದ ಸೀಟಿನವನು ಹಾರ ನೋಡಿ, "ಯಾರಿಗೆ ಸನ್ಮಾನ ರೀ?" ಎಂದ. ಹಾರವನ್ನು ಮಡಿಲಿಗೆ ಎಳೆದುಕೊಂಡು ಕಿಟಕಿಯತ್ತ ತಿರುಗಿದೆ. ಮನೆ ಪಕ್ಕದ ಅಕ್ಕಿ ಗಿರಣಿಯ ಸದ್ದನ್ನೂ ಮೀರಿಸಿ "ವೀರೇಶಾ, ಉಂಡಿಯೇನಲೇ?" ಎಂದು ನನ್ನನ್ನು ಕೂಗುತ್ತಿದ್ದ ಕಾಕಾನ ದನಿ ಕಿವಿಯಲ್ಲಿತ್ತು.

ದಾರಿಯಲ್ಲಿ ಅಮರೇಶನ ಫೋನು ಮತ್ತೆ ಬಂತು. ಬಸ್ಸಿನ ಗದ್ದಲದಲ್ಲಿ "ಅಣ್ಣಾ" ಎಂಬುದಷ್ಟೇ ಕೇಳಿಸಿತು. "ಧೈರ್ಯ ತಗೋ! ಬರಾಕತ್ತೀವಿ!" ಎಂದು ಕಿರುಚಿ ಮಡಚಿದೆ.

ಸಿರುಗುಪ್ಪದ ಮನೆಗೆ ನಾವು ಮುಟ್ಟುವುದಕ್ಕೂ ಕುರುಗೋಡಿನ ಜನ ತುಂಬಿದ ಗಾಡಿ ಬಂದು ನಿಲ್ಲುವುದಕ್ಕೂ ಸರಿಹೋಯಿತು. ವೀರಭದ್ರಮ್ಮ ಅತ್ತೆ ಎದೆ ಬಡಿದುಕೊಂಡು, "ಅಯ್ಯೋ ಅಣ್ಣಾ, ನನ್ನ ಬಿಟ್ಟು ಹೋದ್ಯಲ್ಲೋ!" ಎಂದು ಒಳಗೆ ನುಗ್ಗಿದರು. ಹಾರ ಎತ್ತಿ ಹಿಡಿದು ನಾನೂ ನುಗ್ಗಿದೆ.

ಕಾಕಾ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದರು. ಎಲುಬಿನ ಗೂಡು. ಹಣೆಯ ತುಂಬ ವಿಭೂತಿ. ನಮ್ಮನ್ನು ನೋಡಿ ಸಣ್ಣ ದನಿಯಲ್ಲಿ ಕೇಳಿದರು: "ಯಾರು ಹೋದರು?"

ಅತ್ತೆ ಅಳುವಿನ ಭರದಲ್ಲೇ, "ನೀನ ಹೋದ್ಯಲ್ಲೋ ಅಣ್ಣಾ!" ಎಂದುಬಿಟ್ಟರು.

ಬಾಗಿಲಲ್ಲಿ ಅಮರೇಶ ತಲೆ ಹಿಡಿದುಕೊಂಡು ನಿಂತಿದ್ದ. "ಅಪ್ಪ ಹೋದ ವಾರದಿಂದ ಊಟ ಬಿಟ್ಟಾನ, ನಿನ್ನ ನೋಡಬೇಕಂತಾನ ಅನ್ನಾಕತ್ತಿದ್ದೆ ಅಣ್ಣಾ. ನಾ 'ಹೋದ' ಅನ್ನೂದ್ರಾಗ ನೀ ಫೋನ್ ಇಟ್ಟುಬಿಟ್ಟಿ!"

ಬಂದವರೆಲ್ಲ ನನ್ನತ್ತ ತಿರುಗಿದರು. ಅಕ್ಷತಾ ನನ್ನ ಜೇಬಿನಲ್ಲಿದ್ದ ಫೋನನ್ನೇ ನೋಡಿದಳು. ಬೈದಿದ್ದರೆ ವಾಸಿಯಿತ್ತು.

"ಹಾರ ಯಾರಿಗೆ?" ಎಂದರು ಕಾಕಾ.

"ನಿಮಗ… ಕಾಕಾ," ಎಂದು ತೊದಲಿದೆ.

ಅವರು ಕುತ್ತಿಗೆ ಮುಂದೆ ಚಾಚಿದರು. "ಹಾಕು ಮತ್ತ. ಆಮ್ಯಾಲೆ ಹಾಕಿದ್ರ ನನಗೇನು ಕಾಣತೈತಿ?"

ಎಲ್ಲರೂ ನಕ್ಕರು. ಹಾರ ಹಾಕಿದೆ. ಆ ಭಾರಕ್ಕೆ ಕಾಕಾನ ತಲೆ ಇನ್ನಷ್ಟು ಬಾಗಿತು. ಅಕ್ಷತಾ ಮಜ್ಜಿಗೆ ಅನ್ನ ಕಲಸಿ ತಂದಳು. ಅವಳ ಕೈಯಿಂದ ಅವರು ಕೆಲವು ತುತ್ತು ತಿಂದರು. ಅಮರೇಶ ನನ್ನನ್ನು ಹೊರಗೆ ಕರೆದು, "ಬಳ್ಳಾರಿ ಡಾಕ್ಟರು ಇನ್ನ ಮನ್ಯಾಗ ಇಟ್ಕೊಂಡು ನೋಡ್ಕೋರಿ ಅಂದಾರ ಅಣ್ಣಾ. ಭಾಳ ದಿನ ಇಲ್ಲ," ಎಂದ. ಬೆಳಿಗ್ಗೆ ಅಷ್ಟೊಂದು ಅತ್ತವನಿಗೆ ಈಗ ಒಂದು ಹನಿ ಕಣ್ಣೀರೂ ಬರಲಿಲ್ಲ.

ಒಳಗೆ ಬಂದು ಕಾಕಾನ ಪಕ್ಕ ಕುಳಿತೆ. ಫೋನು ತೆಗೆದು ತೋರಿಸಿದೆ. "ಎಲ್ಲಾ ಇದರದ್ದ ತಪ್ಪು ಕಾಕಾ. ಇವತ್ತ ಇದನ್ನ ಬಿಸಾಕಿ ಮೊದಲಿನ ದೊಡ್ಡ ಫೋನ್ ತಗೀತೀನಿ."

ಕಾಕಾ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು.

"ಬ್ಯಾಡ. ಇದ ಚಲೋ ಐತಿ," ಎಂದರು. "ಆ ದೊಡ್ಡ ಫೋನಿನ್ಯಾಗ ನನ್ನ ಮಾತು ಪೂರ್ತಿ ಕೇಳ್ತಿದ್ದಿ. ಬರ್ತೀನಿ ಕಾಕಾ, ಬರ್ತೀನಿ ಕಾಕಾ ಅಂತಿದ್ದಿ. ಒಮ್ಮಿನೂ ಬರಲಿಲ್ಲ. ಇದರಾಗ ಅರ್ಧಾ ಕೇಳಿದಿ ನೋಡು, ಹಾರ ತಗೊಂಡು ಓಡಿ ಬಂದಿ!"