ಏಳನೇ ಮೇಜಿನ ನಿಯಮ

ಆ ದಿನದ ಗೋಳಿಗೆಲ್ಲ ಮೂಲ ಒಂದು ‘ಹೂಂ’.

ಬೆಳಗ್ಗೆ ನಿಯಮಣ್ಣ ಒಂದು ಕಾಲಿಗೆ ಬೂಟು ಹಾಕಿಕೊಂಡು ಇನ್ನೊಂದನ್ನು ಮಂಚದಡಿ ತಡಕಾಡುತ್ತಿದ್ದಾಗ ಅತ್ತೆ ಬಾಗಿಲಲ್ಲಿ ನಿಂತು ಏನೋ ಹೇಳಿದರು. ಅವನು ‘ಹೂಂ’ ಅಂದ. ಅವರು ಅದನ್ನೇ ಇನ್ನೊಮ್ಮೆ ಹೇಳಿದರು. ಮತ್ತೆ ‘ಹೂಂ’ ಅಂದ. ಮೂರನೇ ಸಲ ಹೇಳಿ “ಕೇಳಿಸ್ತಾ ಅಳಿಯಂದಿರೇ?” ಅಂದಾಗ “ಹೂಂ, ಹೂಂ” ಅಂತ ಎರಡು ಕೊಟ್ಟು ಬೀದಿಗಿಳಿದ. ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಬೆಳಗಿನ ಪಾಳಿಗೆ ಆಗಲೇ ಹೋಗಿದ್ದಳು, ಇಲ್ಲದಿದ್ದರೆ ಅವಳಾದರೂ ಕೇಳಿಸಿಕೊಳ್ಳುತ್ತಿದ್ದಳು. ಮದುವೆಯಾದ ನಾಲ್ಕು ವರ್ಷದಲ್ಲಿ ಅತ್ತೆಯ ಮಾತಿಗೆ ಅವನು ಕಂಡುಕೊಂಡಿದ್ದ ಕೊಡೆ ಅದೊಂದೇ. ಮಳೆ ಎಷ್ಟೇ ಸುರಿಯಲಿ, ‘ಹೂಂ’ ಬಿಚ್ಚಿ ಹಿಡಿದರೆ ತಲೆ ನೆನೆಯುವುದಿಲ್ಲ.

ಅವನ ಕೆಲಸ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಊರಿನವರೆಲ್ಲ ಒಂದೇ ನಂಬರಿಗೆ ಕರೆ ಮಾಡುತ್ತಾರೆ, ಕರೆಗಳೆಲ್ಲ ಸರ್ವರು ಎಂಬ ಒಂದು ಕಂಪ್ಯೂಟರಿಗೆ ಬಂದು ಬೀಳುತ್ತವೆ. ಕರೆದವರು ಒತ್ತಿದ ಅಂಕಿ ನೋಡಿಕೊಂಡು ಯಾವ ಕರೆಯನ್ನು ಯಾವ ಮೇಜಿಗೆ ಕಳಿಸಬೇಕೆಂದು ಸರ್ವರಿಗೆ ನಿಯಮ ಬರೆದುಕೊಡುವವನು ಇವನು. ಅದಕ್ಕೇ ನಿಯಮಣ್ಣ ಅನ್ನುವ ಹೆಸರು. ಪೈಪು ಒಡೆದರೆ ಎರಡನೇ ಮೇಜು, ನೀರು ಕೆಂಪಗೆ ಬಂದರೆ ನಾಲ್ಕನೆಯದು, ನೀರೇ ಬರದಿದ್ದರೆ ಐದನೆಯದು. ಸರ್ವರು ಪಟ್ಟಿಯನ್ನು ಮೇಲಿನಿಂದ ಓದಿಕೊಂಡು ಬರುತ್ತದೆ. ಮೊದಲು ಹೊಂದಿದ ನಿಯಮಕ್ಕೇ ಗೆಲುವು, ಕೆಳಗಿನವು ಬಾಯಿ ಮುಚ್ಚಿಕೊಂಡಿರಬೇಕು. ದೊಡ್ಡ ಸಂಸಾರದ ಹಾಗೆ.

ಅವನು ತಾತ್ಕಾಲಿಕವಾಗಿ ಸೇರಿ ಅಂದಿಗೆ ಆರು ತಿಂಗಳು. ಹಳೆಯ ಪಟ್ಟಿಯನ್ನೆಲ್ಲ ಒಂದೇ ಸ್ಕ್ರಿಪ್ಟಿನಲ್ಲಿ, ಅಂದರೆ ಸರ್ವರಿಗೆ ಕೊಡುವ ಒಂದೇ ಆಜ್ಞೆಯಲ್ಲಿ, ಅಳಿಸಿ ಹೊಸದು ಕೂರಿಸುತ್ತೇನೆಂದು ಸಾಹೇಬರಿಗೆ ಮಾತು ಕೊಟ್ಟಿದ್ದ. ಸಂಜೆ ನಾಲ್ಕಕ್ಕೆ ಅವರು ಬಂದು ನೋಡುವವರು. ಸರಿಯಾಗಿದ್ದರೆ ಕೆಲಸ ಖಾಯಂ. ಇಲ್ಲದಿದ್ದರೆ ಮನೆ. ಮನೆ ಅಂದರೆ ಹಗಲಿಡೀ ಅತ್ತೆ.

ಒಂಬತ್ತು ಗಂಟೆಗೆ ಕಪ್ಪು ಪರದೆಯ ಮೇಲೆ ಸ್ಕ್ರಿಪ್ಟು ಓಡಿಸಿದ. ಅಕ್ಷರಗಳು ಇರುವೆ ಸಾಲಿನ ಹಾಗೆ ಸರಸರ ಹರಿದು ನಿಂತವು. ಬರೆದದ್ದು ಹನ್ನೊಂದು ನಿಯಮ. ಪಟ್ಟಿ ತೋರಿಸು ಎಂದರೆ ಹನ್ನೆರಡು ಬಂದವು. ಎಲ್ಲಕ್ಕಿಂತ ಮೇಲೆ, ಅವನು ಬರೆಯದ ಒಂದು ಸಾಲು ಕೂತಿತ್ತು: ಯಾರೇ ಕರೆದರೂ ಏಳನೇ ಮೇಜಿಗೆ.

ಅಳಿಸಿದ. ಹನ್ನೊಂದಾಯಿತು. ಕಣ್ಣುಜ್ಜಿಕೊಂಡು ಮತ್ತೆ ನೋಡಿದ. ಹನ್ನೆರಡು.

“ಅಕ್ಕಾ, ನೀವೇನಾದ್ರೂ ನನ್ನ ಕೀಬೋರ್ಡು ಮುಟ್ಟಿದ್ರಾ?” ಎಂದು, ಹತ್ತು ಗಂಟೆಯವರೆಗೂ ಇದೇ ಆಟವಾಡಿ ಸಾಕಾಗಿ, ಪಕ್ಕದ ಮೇಜಿಗೆ ಕೇಳಿದ.

ಪಕ್ಕದ ಮೇಜಿನವಳು ಪೈಪಕ್ಕ. ಇಪ್ಪತ್ತು ವರ್ಷ ಒಡೆದ ಪೈಪುಗಳ ದೂರು ಕೇಳಿ ಕೇಳಿ ಆ ಹೆಸರು ಬಂದಿತ್ತು. ಅಂದು ಅವಳು ಸ್ವೆಟರು ಹೆಣೆಯುತ್ತಾ ಕೂತಿದ್ದಳು.

“ನಾನ್ಯಾಕೆ ಮುಟ್ಲಿ? ಬೆಳಗ್ಗಿನಿಂದ ನನ್ನ ಫೋನು ಒಂದು ಸಲಾನೂ ಕೂಗಿಲ್ಲ. ಒಂದು ತೋಳು ಮುಗೀತು. ಏನು ಮಾಡಿದ್ದೀಯೋ ಹಾಗೇ ಇರಲಿ ಬಿಡು ತಮ್ಮಾ, ಕೈ ಹಾಕಿ ಕೆಡಿಸ್ಬೇಡ.”

ಆಗಲೇ ನಿಯಮಣ್ಣನಿಗೆ ಹೊಳೆದದ್ದು. ಆರು ಮೇಜಿನ ಆರು ಫೋನುಗಳೂ ತೆಪ್ಪಗಿದ್ದವು. ಗೋಡೆಯ ಗಡಿಯಾರದ ಸದ್ದು ಆ ಕೋಣೆಯಲ್ಲಿ ಕೇಳಿಸಿದ್ದು ಅದೇ ಮೊದಲು. ಊರಿನ ಕರೆಗಳೆಲ್ಲ ಏಳನೇ ಮೇಜಿಗೆ ಹೋಗುತ್ತಿದ್ದವು. ಏಳನೇ ಮೇಜು ಮೂಲೆಯ ಬೀರುವಿನ ಹಿಂದಿತ್ತು, ಅಲ್ಲಿ ಯಾರೂ ಕೂರುತ್ತಿರಲಿಲ್ಲ.

ಎದ್ದು ಹೋಗಿ ಇಣುಕಿದ. ಫೋನಿನ ವೈರನ್ನು ಯಾರೋ ಕಿತ್ತು ಅದರ ಮೈಗೇ ಸುತ್ತಿಟ್ಟಿದ್ದರು. ಮೇಜಿನ ಮೇಲೆ ಬೆರಳು ದಪ್ಪದ ಧೂಳು. ಆ ಧೂಳಿನಲ್ಲಿ ಎರಡು ಮೊಣಕೈ ಊರುವಷ್ಟು ಜಾಗ ಮಾತ್ರ ಸ್ವಚ್ಛವಾಗಿತ್ತು.

“ನೋಡ್ಬಿಟ್ಯಾ?” ಎಂದು ಬೆನ್ನ ಹಿಂದೆ ದನಿ ಕೇಳಿ ಅವನ ಜೀವ ಬಾಯಿಗೆ ಬಂತು. ಉಗ್ರಾಣದ ಮುದುಕಪ್ಪ. ಕೇಳದೆ ಬರುವವನು, ಬಂದರೆ ಹೋಗದವನು. “ಇದು ಫೋನಜ್ಜೀದು. ಮೂವತ್ತು ವರ್ಷ ಇಲ್ಲೇ ಕೂತು ಕರೆ ತಗೊಂಡ್ರು, ಇದೇ ಕುರ್ಚೀಲಿ ಹೋದ್ರು. ಡಾಕ್ಟರು ಜೀವ ಹೋಗಿದ್ದು ಎರಡೂವರೆಗೆ ಅಂತ ಬರೆದ್ರು. ಎರಡೂ ಮುಕ್ಕಾಲಿಗೆ ಅವರ ಜೊತೆ ಮಾತಾಡಿ ನಲ್ಲಿ ಸರಿ ಮಾಡ್ಕೊಂಡೆ ಅನ್ನೋ ಮನುಷ್ಯ ಇನ್ನೂ ಬದುಕಿದಾನೆ.”

“ಸುಮ್ನಿರಿ ಮುದುಕಪ್ಪಾ. ಹೆದರಿಸ್ಬೇಡಿ.”

“ಹೆದರ್ಸೋದ್ಯಾಕೆ? ಅಜ್ಜಿ ಒಳ್ಳೆಯವರು. ಒಂಟಿ ಜೀವ, ಹಿಂದೆ ಮುಂದೆ ಯಾರೂ ಇರ್ಲಿಲ್ಲ. ನನಗೊಬ್ಬ ಮಗಳಿದ್ದಿದ್ರೆ ಅಂತ ಕೊರಗೋರು, ಅಷ್ಟೇ.”

ಆಮೇಲೆ ಪೈಪಕ್ಕ, ಮುದುಕಪ್ಪ ಇಬ್ಬರೂ ಅವನ ಕುರ್ಚಿಯ ಎರಡು ಪಕ್ಕ ನಿಂತು ಉಪಾಯ ಹೇಳತೊಡಗಿದರು. ಮುದುಕಪ್ಪ ಹೇಳಿದಂತೆ ಸರ್ವರನ್ನು ನಿಲ್ಲಿಸಿ ಮತ್ತೆ ಹೊರಡಿಸಿದ. ಸಾಲು ಅಲ್ಲೇ ಇತ್ತು. ಪೈಪಕ್ಕ ಮನಸ್ಸಿಲ್ಲದ ಮನಸ್ಸಿನಿಂದ, “ಏಳನೇ ಮೇಜಿಗೆ ಯಾವ ಕರೇನೂ ಹೋಗಬಾರದು ಅಂತ ನೀನೇ ಒಂದು ನಿಯಮ ಮಾಡಿ ತಲೆ ಮೇಲೆ ಕೂರಿಸು” ಅಂದಳು. ಕೂರಿಸಿದ. ಪಟ್ಟಿ ತೆಗೆದರೆ ಇವನ ನಿಯಮ ಎರಡನೆಯದಾಗಿತ್ತು. ನಲ್ಲಿಯ ಮುಂದಿನ ಸಾಲಿನಲ್ಲಿ ಕೊಡವನ್ನು ಸದ್ದಿಲ್ಲದೆ ಮುಂದಕ್ಕೆ ತಳ್ಳುವ ಹೆಂಗಸಿನ ಹಾಗೆ, ಆ ಸಾಲು ಮತ್ತೆ ಮುಂದೆ ಬಂದು ನಿಂತಿತ್ತು.

ಹನ್ನೊಂದಕ್ಕೆ ಒಬ್ಬ ಕ್ಷೌರಿಕ ಬಂದ. ದೂರಿಗಲ್ಲ, ಕೃತಜ್ಞತೆ ಹೇಳಲು.

“ಅಂಗಡೀಲಿ ನೀರು ನಿಂತು ಎರಡು ದಿನ ಆಗಿತ್ತು ಸ್ವಾಮಿ. ಫೋನಿನಲ್ಲಿ ಆ ತಾಯಿ, ‘ಮೆಟ್ಟಿಲ ಕೆಳಗೆ ಗೋಣಿಚೀಲ ಸರಿಸು, ನೀರಿನ ತಿರುಪು ಇದೆ, ಎಡಕ್ಕೆ ತಿರುಗಿಸು’ ಅಂದ್ರು. ಸರಿಸಿದ್ರೆ ತಿರುಪು ಇದೆ. ಹುಟ್ಟಿದಾಗಿನಿಂದ ಅದೇ ಅಂಗಡೀಲಿದ್ದೀನಿ, ನನಗೇ ಗೊತ್ತಿರ್ಲಿಲ್ಲ.” ಅವನು ದನಿ ತಗ್ಗಿಸಿದ. “ಗೋಣಿಚೀಲ ಇದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?”

ನಿಯಮಣ್ಣ ಚಹಾದ ಲೋಟ ಕೆಳಗಿಟ್ಟು, ಬೀರುವಿಗೆ ಬೆನ್ನಾಗದಂತೆ ಕುರ್ಚಿ ತಿರುಗಿಸಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಇಂಥವರು ಏಳು ಜನ ಬಂದು ಹೋದರು. ಗಂಟೆ ಎರಡಾದರೂ ಅವನ ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಕೊನೆಗೆ ಬಂದದ್ದು ಬರಲಿ ಎಂದು ತನ್ನ ಮೊಬೈಲಿನಿಂದ ತಾನೇ ದೂರಿನ ನಂಬರಿಗೆ ಕರೆ ಮಾಡಿದ. ಬೀರುವಿನ ಹಿಂದಿನಿಂದ ಏನೂ ಸದ್ದಾಗಲಿಲ್ಲ. ಆದರೂ ಯಾರೋ ಎತ್ತಿಕೊಂಡರು. ವಯಸ್ಸಾದ ಹೆಣ್ಣು ದನಿ. ಯಾರು, ಏನು ಎಂದೂ ಕೇಳದೆ ಶುರುಮಾಡಿತು.

“ಬೆನ್ನು ನೆಟ್ಟಗೆ ಮಾಡಿ ಕೂತ್ಕೊ. ಗಂಟೆ ಎಷ್ಟಾಯ್ತು? ಡಬ್ಬಿ ಇನ್ನೂ ಬಿಚ್ಚಿಲ್ಲ. ಹೊಟ್ಟೆಗಿಲ್ಲದೆ ದುಡಿದು ಯಾರನ್ನು ಉದ್ಧಾರ ಮಾಡ್ತೀಯ?”

ಫೋನು ಕೆಳಗಿಟ್ಟವನು ಮೊದಲು ಬೆನ್ನು ನೆಟ್ಟಗೆ ಮಾಡಿ ಕೂತ. ಆಮೇಲೆ ನಗತೊಡಗಿದ. ಹೆಸರು ಕೇಳುವ ಮೊದಲೇ ಬೈಯುವ ಹೆಂಗಸು ಅವನಿಗೆ ತಿಳಿದಂತೆ ಲೋಕದಲ್ಲಿ ಒಬ್ಬರೇ. ಅತ್ತೆ! ಅವನಿಗೆ ನೆನಪು ಬಂತು: ಕೆಲಸಕ್ಕೆ ಸೇರಿದ ಹೊಸತರಲ್ಲಿ, ಖಾಲಿ ಮೇಜಲ್ಲವೇ ಎಂದು ಏಳನೆಯದಕ್ಕೆ ತನ್ನ ಮನೆಯ ನಂಬರು ಕಟ್ಟಿ ಪರೀಕ್ಷೆ ಮಾಡಿದ್ದ. ಬಿಚ್ಚಲು ಮರೆತಿರಬೇಕು. ಯಾವುದೋ ಹಳೆಯ ಕಡತದಿಂದ ಸರ್ವರು ಆ ನಿಯಮವನ್ನೇ ಮತ್ತೆ ಮತ್ತೆ ಎತ್ತಿಕೊಳ್ಳುತ್ತಿದೆ. ಮನೆಗೆ ಕರೆ ಮಾಡಿ ನೋಡಿದ. ಟೊಂಯ್, ಟೊಂಯ್ ಎಂದಿತು. ಊರಿಗೆ ಊರೇ ಮಾತಾಡುತ್ತಿರುವಾಗ ಲೈನು ಸಿಗುತ್ತದೆಯೇ?

ಗೋಣಿಚೀಲದ ಸಂಗತಿ? ಅತ್ತೆಗೆ ಗೊತ್ತಿಲ್ಲದ್ದು ಯಾವುದಿದೆ. ಅಳಿಯನ ಜೇಬಿನಲ್ಲಿ ಏನಿದೆ ಎಂದು ಗೋಡೆಯಾಚೆಯಿಂದ ಹೇಳುವವರು. ಧೂಳಿನ ಮೇಲಿನ ಗುರುತು? ಬೆಕ್ಕು ಮಲಗಿರಬೇಕು. ಇಷ್ಟು ಚೆನ್ನಾಗಿ ಹೊಂದಿಕೊಂಡ ಉತ್ತರವನ್ನು ಇನ್ನು ಕೆದಕಬಾರದು ಎಂದುಕೊಂಡು ಡಬ್ಬಿ ಬಿಚ್ಚಿದ. ಅತ್ತೆಯ ಬೈಗುಳ ಕೇಳಿ ಹೊಟ್ಟೆ ತುಂಬ ಉಂಡ ಅಳಿಯ ಅವನೊಬ್ಬನೇ ಇರಬೇಕು.

ನಾಲ್ಕಕ್ಕೆ ಸಾಹೇಬರು ಬಂದರು. ಕೈಯಲ್ಲಿ ದೂರುಗಳ ಹಾಳೆ ಇತ್ತು. ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಇದೇನ್ರೀ? ಬಂದ ದೂರು ಮುನ್ನೂರಾ ಹನ್ನೆರಡು, ಉಳಿದದ್ದು ಸೊನ್ನೆ. ನನ್ನ ಹೆಂಡತಿಯೂ ಕರೆ ಮಾಡಿದ್ದಳಂತೆ. ನಲ್ಲಿ ಸರಿಯಾಯ್ತು, ಮೇಲೆ ನನ್ನ ಬಗ್ಗೆ ಎರಡು ಬುದ್ಧಿಮಾತೂ ಕೇಳಿಸಿಕೊಂಡಳಂತೆ. ಎರಡೂ ನಿಜ. ಯಾರ್ರೀ ಆ ಹೆಂಗಸು?”

ಪೈಪಕ್ಕನೂ ಮುದುಕಪ್ಪನೂ ಬೀರುವಿನ ಕಡೆ ನೋಡಿದರು. ಅವರು ಬಾಯಿ ಬಿಡುವ ಮೊದಲೇ ನಿಯಮಣ್ಣ ಎದೆಯುಬ್ಬಿಸಿ, “ನಮ್ಮತ್ತೆ ಸಾರ್” ಅಂದ. ಆಮೇಲೆ ಇನ್ನೂ ಗಟ್ಟಿಯಾಗಿ, ಕೋಣೆಗೆಲ್ಲ ಕೇಳುವಂತೆ, “ನನ್ನ ಸ್ವಂತ ಅತ್ತೆ. ಅವರ ಮಗಳನ್ನೇ ನಾನು ಮದುವೆಯಾಗಿರೋದು” ಅಂದ.

ಬೀರುವಿನ ಹಿಂದೆ ಕುರ್ಚಿ ಒಮ್ಮೆ ಕಿರ್ರೆಂದಿತು. ಮರ ಬಿಸಿಲಿಗೆ ಹಾಗೆ ಮಾಡುವುದುಂಟು.

“ಹಾಗಾದ್ರೆ ಕೇಳಿ,” ಎಂದರು ಸಾಹೇಬರು. “ನಾಳೆ ಹತ್ತಕ್ಕೆ ಅವರನ್ನ ಇಲ್ಲಿಗೆ ಕರಕೊಂಡು ಬನ್ನಿ. ಅವರು ಬಂದು ಆ ಏಳನೇ ಮೇಜಿನಲ್ಲಿ ಕೂತ್ರೆ ನಿಮ್ಮ ಖಾಯಂ ಕಾಗದಕ್ಕೆ ಸಹಿ. ಬರಲಿಲ್ಲ ಅಂದ್ರೆ ನೀವೂ ಬರೋದು ಬೇಡ.”

ನಿಯಮಣ್ಣ ದಾರಿಯಲ್ಲಿ ಒಂದು ಡಜನ್ ಕಿತ್ತಳೆ ಹಣ್ಣು ಕೊಂಡ. ನಾಲ್ಕು ವರ್ಷದಲ್ಲಿ ಅತ್ತೆಗೆಂದು ಅವನು ಕೊಂಡ ಮೊದಲ ವಸ್ತು. ಮನೆ ತಲುಪಿದಾಗ ಇನ್ನೂ ಬೆಳಕಿತ್ತು. ಅತ್ತೆ ಕಿಟಕಿಯ ಬಳಿ ಕಾಲು ಚಾಚಿ ಕೂತಿದ್ದರು.

“ಅತ್ತೇ, ಪಾಪ, ಇವತ್ತು ಗಂಟಲು ನೋಯ್ತಿರಬೇಕು. ಹಣ್ಣು ತಗೊಳ್ಳಿ.”

ಅತ್ತೆ ಹಣ್ಣನ್ನೂ ಅವನನ್ನೂ ಅನುಮಾನದಿಂದ ನೋಡಿದರು. “ಗಂಟಲು ಯಾಕೆ ನೋಯುತ್ತೆ?”

“ಮತ್ತೆ ಬೆಳಗ್ಗಿನಿಂದ ಅಷ್ಟು ಫೋನು.”

“ಯಾವ ಫೋನು? ಬೆಳಗ್ಗೆ ಮೂರು ಸಲ ಹೇಳಿದೆನಲ್ಲ ಅಳಿಯಂದಿರೇ, ನೀವೂ ಹೂಂ ಹೂಂ ಅಂದ್ರಲ್ಲ. ಮನೆ ಫೋನು ಕೆಟ್ಟು ಮೂರು ದಿನ ಆಯ್ತು. ನಿನ್ನೆ ರಿಪೇರಿಯವನು ಬಂದು ಫೋನನ್ನೇ ಬಿಚ್ಚಿಕೊಂಡು ಹೋದ. ಬರ್ತಾ ಅವನ ಅಂಗಡಿಗೆ ಹೋಗಿ ತಗೊಂಡು ಬನ್ನಿ ಅಂತ ತಾನೇ ನಾನು ಹೇಳಿದ್ದು?”

ನಿಯಮಣ್ಣ ಮೂಲೆಯ ಸ್ಟೂಲಿನ ಕಡೆ ತಿರುಗಿದ. ಫೋನಿದ್ದ ಜಾಗದಲ್ಲಿ ಧೂಳಿಲ್ಲದ ಒಂದು ಚೌಕ ಮಾತ್ರ ಇತ್ತು. ಗೋಡೆಯಿಂದ ಒಂದು ವೈರು ನಾಲಗೆಯ ಹಾಗೆ ಜೋತುಬಿದ್ದಿತ್ತು. ಅವನ ಕೈಯಿಂದ ಕಿತ್ತಳೆಗಳು ಜಾರಿ ಮಂಚದಡಿ ಉರುಳಿಹೋದವು.

“ಅತ್ತೇ, ಹೇಗಾದ್ರೂ ಆಗ್ಲಿ. ನಾಳೆ ಒಂದು ದಿನ ನನ್ನ ಜೊತೆ ಕಚೇರಿಗೆ ಬರ್ತೀರಾ?”

“ನಾನೆಲ್ಲಿ ಬರಲಿ? ಮೊಣಕಾಲು ಮಡಚೋಕೆ ಆಗ್ತಿಲ್ಲ.”

ಆಗ ಅವನ ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ತೆಗೆದು ನೋಡಿದ. ಕರೆಯುತ್ತಿರುವ ನಂಬರಿನ ಜಾಗದಲ್ಲಿ ಒಂದೇ ಒಂದು ಅಂಕಿ ಇತ್ತು. ಏಳು.

ಕಿವಿಗಿಟ್ಟರೆ, “ಅಳಿಯಂದಿರೇ,” ಎಂದಿತು ದನಿ. ಮಧ್ಯಾಹ್ನದ ಗಡಸೆಲ್ಲ ಇಳಿದು ಬೆಣ್ಣೆಯಾಗಿತ್ತು. “ಸಂಬಂಧ ಎಲ್ಲರೆದುರಿಗೆ ಒಪ್ಪಿಕೊಂಡ್ರಿ, ಜೀವ ತಣ್ಣಗಾಯ್ತು. ನಾಳೆ ಹತ್ತಕ್ಕೆ ನನ್ನ ಯೋಚನೆ ಬೇಡ, ನಾನು ಹೇಗೂ ಇಲ್ಲೇ ಇರ್ತೀನಿ. ಆದ್ರೆ ಸಂಜೆ ಮಾತ್ರ ನಿಮ್ಮ ಜೊತೆಗೇ ಹೊರಟು ಬರ್ತೀನಿ. ಮಗಳ ಮನೆ ಒಂದು ಸಲಾನೂ ನೋಡಿಲ್ಲ ನಾನು. ಬಂದ ಮೇಲೆ ನಾಲ್ಕು ಕಾಲ ಅಲ್ಲೇ ಇದ್ದುಬಿಡೋಣ ಅಂತ. ಆಗಬಹುದಾ?”

ಕಿಟಕಿಯ ಬಳಿಯಿಂದ ಅತ್ತೆ, “ಯಾರದು ಫೋನಿನಲ್ಲಿ? ನನಗೂ ಸ್ವಲ್ಪ ಹೇಳಿ” ಅಂದರು.

ನಿಯಮಣ್ಣ ಅತ್ತೆಗೆ ಬೆನ್ನು ಮಾಡಿದ. ಬೇಡ ಅನ್ನಬೇಕೆಂದು ತುಟಿ ತೆರೆದ. ನಾಲ್ಕು ವರ್ಷದ ಅಭ್ಯಾಸ.

“ಹೂಂ” ಅಂದ.